ಜೋಳದ ಕಾಟಾ ಮೇಲೆ ಮಗಳು

ಅಕ್ಕಲಕೋಟ, 14 ಜುಲೈ 2025, ಸೋಮವಾರ

ನನ್ನ ದನಿ ನನಗೇ ಹೇಸಿಗೆಯಾಗಿದೆ.

ಏಪ್ರಿಲ್‌ನಲ್ಲಿ ಸೋಲಾಪುರದ ಡಾಕ್ಟರು ನನ್ನ ಮಗಳು ಸ್ನೇಹಲಳ ರಕ್ತದ ರಿಪೋರ್ಟ್ ನೋಡಿ, "ಹಿಂದ್ ಯಾವಾಗೋ ಒಂದು ವೈರಸ್ ತಗಲೇದ್ರಿ. ತೂಕ ಏರಾಕ ಅದೂ ಒಂದು ಕಾರಣ ಇರಬಹುದು, ಖಾತ್ರಿ ಇಲ್ಲ. ಬರೇ ತಿಂದು ದಪ್ಪ ಆಗ್ಯಾಳ ಅನ್ನಬ್ಯಾಡ್ರಿ," ಎಂದರು.

ಎರಡು ವರ್ಷ ನಾನು ಅದನ್ನೇ ಅಂದೆ. ಹದಿನಾಲ್ಕರ ಮಗಳನ್ನು ವಾರವಾರ ಧಾನ್ಯ ತೂಗಿ ಮಾರಿಸುವ ನಮ್ಮ ಅಡತ ಅಂಗಡಿಯ ತೂಕದ ಕಾಟಾ ಮೇಲೆ ನಿಲ್ಲಿಸಿ, ಜೋಳದ ಚೀಲ ತೂಗಿದಂತೆ ಹಮಾಲರೆದುರು ಕಿಲೋ ಕೂಗಿದೆ. ನಾಚಿಕೆಯಾದರೆ ಕಡಿಮೆ ತಿಂದಾಳು ಅಂದುಕೊಂಡಿದ್ದೆ. ಅವರು ನಕ್ಕರು. ನಾನೂ ನಕ್ಕೆ.

ಮೂರು ತಿಂಗಳ ಚಿಕಿತ್ಸೆಯಿಂದ ತೂಕ ಇಳಿದಿದೆಯಂತೆ. ಇವತ್ತು ನರ್ಸು ಖುಷಿಯಿಂದ ಅಂಕಿ ಹೇಳಹೋದಾಗ ಸ್ನೇಹಲ ಅವರ ಕೈ ಹಿಡಿದಳು: "ಅಕ್ಕಾ, ಹಳೂಕ ಹೇಳ್ರಿ. ಪಪ್ಪಾಗ ಕೇಳಸ್ತದ."

ಎಷ್ಟು ಇಳಿದಿದ್ದಾಳೋ. ಕೇಳಲು ನನಗೆ ಮುಖವಿಲ್ಲ.