ಮಂಗಳವಾರ ಕಡುಬು ಇಲ್ಲ

ಪ್ರೀತಿಯ ಗೆಳೆಯ ಲಕ್ಷ್ಮಣ,

ನೀನು ಹೋದ ಮೇಲೆ ನನ್ನನ್ನು ಬಯ್ದು ತಿನ್ನಿಸುವವರಿಲ್ಲದೆ ಪ್ಯಾಂಟು ಸಡಿಲವಾಗಿದೆ. ಡಾಕ್ಟರು ಸಂತೋಷಪಟ್ಟರು, ನಾನು ಪಡಲಿಲ್ಲ.

ನೆನಪಿದೆಯಾ, ಬಣಕಲ್ಲಿನ ನಿನ್ನ ಹೋಟೆಲಿನಲ್ಲಿ ನಾನು ಎಲೆಗೆ ಕೈ ಅಡ್ಡ ಹಿಡಿದು "ಬೇಡ, ಸಾಕು" ಎನ್ನುತ್ತಿದ್ದುದು? "ಕೈ ತೆಗಿಯೋ ಮಾರಾಯ, ಸುಡ್ತದೆ" ಎಂದು ಗದರಿಸಿ ಬಿಸಿ ಕಡುಬು ಇಳಿಸಿ, ಮೇಲೆ ಕೋಳಿ ಸಾರು ಸುರಿಯುತ್ತಿದ್ದೆ. ನಮ್ಮ ಕಡೆ ಮೊದಲನೇ 'ಬೇಡ'ವನ್ನು ಯಾರಾದರೂ ನಂಬುತ್ತಾರೆಯೇ? ಅದು ಬರೀ ಮರ್ಯಾದೆಗೆ.

ಹೋದ ತಿಂಗಳು ನಿನ್ನ ಮಗಳು ಸೌಮ್ಯ ಬಂದು ಕೂತಳು. ನಿನ್ನ ಹೋಟೆಲನ್ನು ಈಗ ಅವಳೇ ನಡೆಸುತ್ತಿದ್ದಾಳೆ. ಆ ಜಾಗವನ್ನು ಯಾವುದೋ ದೊಡ್ಡ ಬರ್ಗರ್ ಕಂಪನಿ ಬಾಡಿಗೆಗೆ ಕೇಳಿದೆಯಂತೆ.

"ಕೊಟ್ಟುಬಿಡ್ಲಾ ಮಾಮ? ದಿನಾ ಕತ್ತಲಲ್ಲೇ ಎದ್ದು ಅಕ್ಕಿತರಿ ಬೇಯ್ಸಿ ಸಾಕಾಗಿದೆ. ಟೂರಿಸ್ಟ್‌ಗಳು ಕಡುಬಿನ ಫೋಟೋ ಹೊಡೀತಾರೆ, ತಿನ್ನೋದು ಮಾತ್ರ ಬರ್ಗರ್."

ಚಿಕ್ಕಮಗಳೂರಿನಲ್ಲಿರುವ ಆ ಕಂಪನಿಯ ಅಂಗಡಿಯನ್ನು ಮೊದಲು ನೋಡೋಣವೆಂದು ಇಬ್ಬರೂ ಬಸ್ಸು ಹತ್ತಿದೆವು. ತನಿಖೆಯ ಘನತೆಗೆ ತಕ್ಕಂತೆ ನಾನು ಇಸ್ತ್ರಿ ಅಂಗಿ ತೊಟ್ಟಿದ್ದೆ.

ಕೌಂಟರಿನಲ್ಲಿ ಸೌಮ್ಯ ತನ್ನದನ್ನು ಹೇಳಿದಳು. ಟೋಪಿ ಹಾಕಿದ ಹುಡುಗಿ ನನ್ನ ಕಡೆ ತಿರುಗಿ, "ನಿಮಗೇನು ಕೊಡ್ಲಿ ಸರ್?" ಎಂದಳು. ಅಭ್ಯಾಸಬಲ ನೋಡು, "ಏನೂ ಬೇಡಮ್ಮ, ಈಗ ತಾನೆ ತಿಂದು ಬಂದೆ" ಅಂದೆ. "ಓಕೆ ಸರ್" ಎಂದವಳೇ ಹಿಂದಿನವರನ್ನು ಕರೆದಳು. ಅಷ್ಟೇ! ಒಂದು ಬಲವಂತವಿಲ್ಲ, ಒಂದು ಬೈಗುಳವಿಲ್ಲ. ನಾನು ಹೋಗಿ ಸಾಸ್ ಪ್ಯಾಕೆಟ್ ಓದುತ್ತಾ ಕೂತೆ.

"ಅಪ್ಪ ಇದ್ದಿದ್ರೆ ನಿಮ್ಮನ್ನ ಹೀಗೆ ಖಾಲಿ ಕೂರಿಸ್ತಿದ್ರಾ ಮಾಮ?" ಎಂದು ಸೌಮ್ಯ ನಕ್ಕಳು. ಕಣ್ಣು... ಇರಲಿ ಬಿಡು. ಬರ್ಗರ್ ಮುರಿದು ಅರ್ಧ ನನಗೆ ಕೊಟ್ಟಳು. ಈ ಸಲ 'ಬೇಡ' ಎನ್ನುವ ಧೈರ್ಯ ಮಾಡಲಿಲ್ಲ. ಚೆನ್ನಾಗಿಯೇ ಇತ್ತು ಕಣೋ, ನಿನ್ನ ಹತ್ತಿರ ಸುಳ್ಳು ಯಾಕೆ?

ಹೊರಡುವಾಗ ಸೌಮ್ಯ ಆ ಹುಡುಗಿಯನ್ನು ಮಾತಾಡಿಸಿದಳು. ವಸ್ತಾರೆ ಕಡೆಯವಳಂತೆ. "ನಾಳೆ ನಂಗೆ ವಾರದ ರಜೆ ಅಕ್ಕ. ಅಮ್ಮನ ಕೈ ರೊಟ್ಟಿ ತಿಂದು ಮಲಗೋದೇ" ಎಂದು ಕಣ್ಣರಳಿಸಿದಳು. ಬಸ್ಸು ಮೂಡಿಗೆರೆ ದಾಟಿದ ಮೇಲೆ ಸೌಮ್ಯ, "ಮಾಮ, ನಂಗೆ ಸಾಕಾಗಿರೋದು ಕಡುಬಲ್ಲ. ಒಂದು ದಿನಾನೂ ರಜೆ ಇಲ್ದಿರೋದು" ಎಂದಳು.

ನೀನು ಎಂದಾದರೂ ಬಾಗಿಲು ಹಾಕಿದ್ದೆಯಾ ಮಾರಾಯ? ಸತ್ತ ದಿನವೊಂದನ್ನು ಬಿಟ್ಟರೆ...

ಈಗ ಸುದ್ದಿ ಕೇಳು, ಸಿಟ್ಟಾಗಬೇಡ. ಜಾಗ ಕಂಪನಿಗೆ ಹೋಗಲಿಲ್ಲ. ಆದರೆ ಇನ್ನು ಮೇಲೆ ಮಂಗಳವಾರ ನಿನ್ನ ಹೋಟೆಲಿಗೆ ರಜೆ. ಮೊದಲ ರಜೆಯ ದಿನವೇ ಸೌಮ್ಯ ಅಮ್ಮನನ್ನು ಕಳಸಕ್ಕೆ ಕರೆದುಕೊಂಡು ಹೋದಳು. ದೇವಸ್ಥಾನದ ಪಂಕ್ತಿಯಲ್ಲಿ ಸಾರು ಬರುವುದು ತಡವಾಯಿತೆಂದು ಅತ್ತಿಗೆ ಬಡಿಸಲು ಎದ್ದೇಬಿಟ್ಟರಂತೆ. ನಿನ್ನ ಮಗಳು ಸೆರಗು ಹಿಡಿದೆಳೆದು ಕೂರಿಸಿದಳಂತೆ:

"ಕೂತ್ಕೊ ಅಮ್ಮ. ಇವತ್ತು ನಿಂಗೆ ಬೇರೆಯವ್ರು ಬಡಿಸ್ತಾರೆ."