ಹತ್ತೊಂಬತ್ತು ವರ್ಷದ ವಿನಾಯಿತಿ

ಕಲ್ಲಹಾಳ
2214, ಎರಡನೇ ಬೇಸಿಗೆಯ ಮೂವತ್ತೈದನೇ ದಿನ

...ಹಾಗಾಗಿ ನಿನ್ನೆಯ ಮಾತು ಆ ಒಂದು ಸಾಲಿನ ಹತ್ತಿರ ಬಂದು ನಿಂತಿತ್ತು. ತೆಗೆಯಬೇಕೋ ಬೇಡವೋ ಎಂಬಲ್ಲಿ. ಇವತ್ತು ಬೆಳಕು ಹೋಗುವುದರೊಳಗೆ ತೆಗೆಯದಿದ್ದರೆ ನಾಳೆ ನಲವತ್ತು ಊರುಗಳ ಪ್ರೋಗ್ರಾಮುಗಳ ಹೊಸ ಆವೃತ್ತಿಯ ಬಿಡುಗಡೆ ನನ್ನೊಬ್ಬನಿಂದ ನಿಲ್ಲುತ್ತದೆ. ಅಷ್ಟು ಗೊತ್ತಿದ್ದೂ ಕೈ ಏಳುತ್ತಿಲ್ಲ, ಕಾಗದ ಬರೆಯುತ್ತ ಕೂತಿದ್ದೇನೆ.

ನಿನ್ನೆಯ ಕಾಗದ ನಿಮಗೆ ತಲುಪಿತೋ ಇಲ್ಲವೋ. ಇನ್ನೂರು ವರ್ಷ ಹಿಂದಕ್ಕೆ, ಪ್ರೋಗ್ರಾಮು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ನಿಮಗೆ, ಬರೆಯುವವನಿಗೆ ಅಷ್ಟು ಅನುಮಾನ ಇರಬೇಕಾದ್ದೇ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮಗೆ ಬೇಸಿಗೆ ಒಂದೇ, ನಮಗೆ ಎರಡು. ನಡುವೆ ಹದಿನೈದು ದಿನ ಮೋಡ ಬಂದು ಹೋಗುತ್ತದೆ, ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಮಾತುಗಳು ವಿಚಿತ್ರವಾಗಿ ಕಂಡರೂ ಕ್ಷಮಿಸಿ. ನಿಮ್ಮ ಫೈಲುಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಅದರಲ್ಲೇ ಬರೆಯೋಣವೆಂದು ಹೊರಟಿದ್ದೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷ್. ಪ್ಯಾಸಿವ್ ವಾಯ್ಸ್ ನೆನಪಿದೆ, ಆ್ಯಕ್ಟಿವ್ ಮರೆತಿದೆ. ಕಾಗದವನ್ನು 'ಯುವರ್ಸ್ ಒಬೀಡಿಯಂಟ್ಲಿ' ಎಂದು ಮುಗಿಸಬೇಕು ಎಂಬುದೂ ನೆನಪಿದೆ. ನಾನು ಹಾಗೆ ಸಹಿ ಹಾಕಿದಾಗಲೆಲ್ಲ ನನ್ನ ಹೆಂಡತಿ ನೀಲಗಂಗವ್ವ ನಗುತ್ತಿದ್ದಳು. ನೀವು ಯಾರ ಮಾತು ಕೇಳಿದ್ದೀರಿ ಅಂತ ಒಬೀಡಿಯಂಟು, ಎಂದು.

ನೀವು ಮೇಂಟೇನರ್ ಎನ್ನುವವರನ್ನು ನಾವು ನಿಗಾದಾರ ಎನ್ನುತ್ತೇವೆ. ಪ್ರೋಗ್ರಾಮು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮೂರಿಗೆ ಒಯ್ಯಬಹುದು. ಅದು ನೀವು ಹಾಕಿಕೊಟ್ಟ ಪದ್ಧತಿ. ಆದರೆ ನೋಡಿಕೊಳ್ಳಲು ಒಬ್ಬ ನಿಗಾದಾರ ಇರಲೇಬೇಕು. ನಾನು ನೋಡಿಕೊಳ್ಳುವುದು ಬಾವಿಯ ಪ್ರೋಗ್ರಾಮನ್ನು. ನಮ್ಮ ಬಾವಿಗಳೊಳಗೆ ನೀರ್ಗಣ್ಣು ಎಂಬ ಮುಷ್ಟಿಗಾತ್ರದ ಉಪಕರಣ ತೂಗುತ್ತಿರುತ್ತದೆ. ನೀರಿನಲ್ಲಿ ಹಲ್ಲು ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂದು ಅದು ಮೇಲಕ್ಕೆ ತಿಳಿಸುತ್ತದೆ, ನನ್ನ ಪ್ರೋಗ್ರಾಮು ಅದನ್ನು ಓದಿ ಬಾವಿಕಟ್ಟೆಯ ಹಲಗೆಯ ಮೇಲೆ ಸಂಖ್ಯೆ ತೋರಿಸುತ್ತದೆ. ಸಂಖ್ಯೆ ಚಿಕ್ಕದಿದ್ದರೆ ಜನ ಕೊಡ ತುಂಬುತ್ತಾರೆ, ದೊಡ್ಡದಿದ್ದರೆ ಮುಂದಿನ ಬಾವಿಗೆ ನಡೆಯುತ್ತಾರೆ. ನಾವು ಕೆಲಸ ಮಾಡುವುದು ಹಗಲುಪೆಟ್ಟಿಗೆಯಲ್ಲಿ. ಬಿಸಿಲು ಕುಡಿದು ನಡೆಯುವ ಯಂತ್ರ; ಸಂಜೆಯಾದರೆ ತಾನೇ ಕಣ್ಣು ಮುಚ್ಚುತ್ತದೆ. ಮಧ್ಯಾಹ್ನ ಹೊರಗೆ ಕಾಲಿಡಲಾಗುವುದಿಲ್ಲ, ಹೊಲದವರೂ ಮನೆಯಲ್ಲೇ. ಆ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ಬಾವಿಯ ಪ್ರೋಗ್ರಾಮು ನೋಡುತ್ತಿದ್ದೆ, ನೀಲಗಂಗವ್ವ ನಡುಮನೆಯಲ್ಲಿ ಸಾಮಾನ್ಯ ಕಡತ ನೋಡುತ್ತಿದ್ದಳು.

ಸಾಮಾನ್ಯ ಕಡತವೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ, ಬೀಜ ಬಿತ್ತಿದವರು ನೀವೇ. ಹೊಸ ಆವೃತ್ತಿ ಹೊರಡುವ ಮುನ್ನ ನಿಗಾದಾರ 'ಮೇಕ್' ಎಂಬ, ಹಳೆಯ ಆಳಿನಂಥ ಪ್ರೋಗ್ರಾಮಿಗೆ 'ಚೆಕ್' ಎಂದು ಹೇಳುತ್ತಾನೆ. ಅದು ಮೇಕ್‌ಫೈಲಿನಲ್ಲಿ ಬರೆದಿಟ್ಟ ನಿಯಮಗಳನ್ನು ಒಂದೊಂದಾಗಿ ಹಿಡಿದು ಪ್ರೋಗ್ರಾಮಿನ ಸಾಲು ಸಾಲನ್ನೂ ತಡವಿ ನೋಡುತ್ತದೆ. ತಪ್ಪು ಸಿಕ್ಕರೆ ಹೇಳುತ್ತದೆ. ಸಿಗದಿದ್ದರೆ ಏನನ್ನೂ ಹೇಳುವುದಿಲ್ಲ. ಮೊದಲು ಊರಿಗೊಂದು ಬಗೆಯ ನಿಯಮಗಳಿದ್ದವು. ಒಂದೂರು ಕೈ ಸುಟ್ಟುಕೊಂಡು ಕಲಿತದ್ದು ಪಕ್ಕದೂರಿಗೆ ತಿಳಿಯುತ್ತಿರಲಿಲ್ಲ. ನಿಮ್ಮವರು ಯಾರೋ ಎಲ್ಲ ನಿಯಮಗಳನ್ನೂ ಒಂದೇ ಕಡತದಲ್ಲಿಟ್ಟು, ಎಲ್ಲರೂ ಅದರಿಂದಲೇ ತೆಗೆದುಕೊಳ್ಳಲಿ ಎಂದರಂತೆ; ಅದೇ ಸಾಮಾನ್ಯ ಕಡತ. ಇಂದು ನಲವತ್ತು ಊರು ಹಾಗೆ ತೆಗೆದುಕೊಳ್ಳುತ್ತವೆ. ಎಲ್ಲರ ಹೊಸ ಆವೃತ್ತಿಯೂ ಒಂದೇ ದಿನ ಹೊರಡುತ್ತದೆ, ಒಬ್ಬರಲ್ಲಿ ಚೆಕ್ ತಡೆದರೂ ಎಲ್ಲರೂ ನಿಲ್ಲಬೇಕು. ಒಂದು ನಿಯಮ ಒಂದೂರಿಗೆ ಒಪ್ಪದಿದ್ದರೆ ಕಡತದ ನಿಗಾದಾರರು ವಿನಾಯಿತಿ ಕೊಡಬಹುದು. ಅದು ಒಂದೇ ಸಾಲು, ಪ್ರೋಗ್ರಾಮಿನ ಜೊತೆಗಿರುವ ಚೀಟಿಯಲ್ಲಿ ಕೂರುತ್ತದೆ. ಪಕ್ಕದಲ್ಲಿ ಕಾರಣ ಬರೆದಿರಲೇಬೇಕು.

ನಲವತ್ತೊಂದನೇ ನಿಯಮ ಅವಳದೇ: ಓದಲಾಗದ್ದನ್ನು ಸೊನ್ನೆ ಎನ್ನಬಾರದು. ಅದನ್ನು ಸೇರಿಸಿದ ದಿನವೇ ಚೆಕ್ ನನ್ನ ಪ್ರೋಗ್ರಾಮನ್ನು ಹಿಡಿಯಿತು. ಮರುದಿನ ಬಿಡುಗಡೆ. ಅವಳು ಪಡಸಾಲೆಗೆ ಬಂದು ನಿಂತಳು.

“ರೀ, ನೀರ್ಗಣ್ಣು ಕೆಟ್ಟು ಏನರೆ ಒದರಿದ್ರ ನಿಮ್ಮ ಪ್ರೋಗ್ರಾಮು ಏನ್ ತೋರಸ್ತೈತಿ?”

“ಸೊನ್ನಿ.”

“ಸೊನ್ನಿ ನೋಡಿ ಮಂದಿ ಏನ್ ತಿಳ್ಕೊಂತಾರ? ಚಲೋ ನೀರು ಅಂತ ತಿಳ್ಕೊಂತಾರ.”

“ನಮ್ಮ ನೀರ್ಗಣ್ಣು ಒಂದ್ ದಿನಾನೂ ಕೆಟ್ಟಿಲ್ಲ.”

“ಹೌದೌದು. ಲಗ್ನ ಆದಾಗಿಂದ ನೀವೂ ಒಂದ್ ದಿನಾನೂ ತಪ್ಪಿಲ್ಲ.”

ಮುಂದಿನ ಸಲ ಸರಿಪಡಿಸುತ್ತೇನೆ ಎಂದೆ. ವಿನಾಯಿತಿ ಕೊಟ್ಟಳು. ಕಾರಣದ ಜಾಗದಲ್ಲಿ ಬರೆದಳು: 'ಇವರಿಗೆ ಬುದ್ಧಿ ಬರುವ ತನಕ.' ಹತ್ತೊಂಬತ್ತು ವರ್ಷದಿಂದ ಆ ಸಾಲು ಅಲ್ಲೇ ಇದೆ. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಮೊದಲು ಕಾಣುವುದು ಅದೇ. ಅವಳು ಹೋಗಿ ಮೂರು ವರ್ಷವಾಯಿತು. ಈ ಮೂರು ವರ್ಷ ಅದನ್ನು ಓದಿಯೇ ಚಹಾ ಕುಡಿದಿದ್ದೇನೆ.

ಹೋದ ತಿಂಗಳು ಸೋಗಿಹಾಳದ ನಿಗಾದಾರಳು ರಜಿಯಾಬೇಗಂ ಬಂದಳು, ಬಿಸಿಲಿಳಿಯುವುದನ್ನೂ ಕಾಯದೆ. ಆಕೆಯ ಊರಿನವರು ನನ್ನ ಪ್ರೋಗ್ರಾಮನ್ನು ಎಂಟು ವರ್ಷದ ಹಿಂದೆ ಒಯ್ದಿದ್ದರು. ಜೊತೆಗೆ ಚೀಟಿಯೂ ಹೋಗಿತ್ತು. ಅಲ್ಲಿ ಅಳಿಲೊಂದು ನೀರ್ಗಣ್ಣಿನ ತಂತಿ ಕಡಿದಿತ್ತು. ಹಲಗೆಯ ಮೇಲೆ ಐದು ವರ್ಷ ಬರೀ ಸೊನ್ನೆ. ಎಂಥಾ ಬಾವಿ ನಮ್ಮದು ಎಂದು ಊರಿಗೆ ಊರೇ ಹೆಮ್ಮೆಪಟ್ಟಿತ್ತು, ಪಕ್ಕದ ಹಟ್ಟಿಯವರೂ ಬಂದು ತುಂಬಿಕೊಂಡಿದ್ದರು. ಈಗ ಅಲ್ಲಿಯ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿವೆ, ಕಂದುಬಣ್ಣದವು. ರಜಿಯಾಳ ಮೊಮ್ಮಗಳು ನಗುವಾಗ ಕೈ ಅಡ್ಡ ಹಿಡಿಯುತ್ತಾಳಂತೆ.

“ಸಂಗಪ್ಪಣ್ಣ, ಆ ಸಾಲು ಇರಲಿಲ್ಲಂದ್ರ ನಮ್ಮ ಚೆಕ್ ಒದರತಿತ್ತು,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಕಾರಣ ಓದಲಿಲ್ಲೇನವ್ವ?”

“ಓದಿದ್ದೆ. ನಗು ಬಂತು. ಗಂಡ-ಹೆಂಡ್ತಿ ಚ್ಯಾಷ್ಟಿ ಅಂತ ಬಿಟ್ಟೆ. ನೀವು ದೊಡ್ಡವ್ರು ಇಟ್ಕೊಂಡೀರಿ ಅಂದ್ರ ಇರಬೇಕಾದ್ದ ಅಂದ್ಕೊಂಡೆ.”

ತಪ್ಪು ನನ್ನದು. ಸ್ವಲ್ಪ ನೀಲಗಂಗವ್ವನದೂ, ಕಾರಣದ ಜಾಗದಲ್ಲಿ ಕಾರಣ ಬರೆಯಲಿಲ್ಲ, ನನ್ನನ್ನು ಬರೆದಳು. ಈ ಒಂದು ವಾಕ್ಯವನ್ನು ಒಪ್ಪಿಕೊಳ್ಳಲು ನನಗೆ ಮೂರು ದಿನ ಹಿಡಿಯಿತು.

ಮೊನ್ನೆ ಕೂತು ಪ್ರೋಗ್ರಾಮನ್ನು ತಿದ್ದಿದೆ. ನಾಲ್ಕೇ ಸಾಲು. ಈಗ ನೀರ್ಗಣ್ಣು ಕೆಟ್ಟರೆ ಹಲಗೆ 'ಓದಲಾಗಲಿಲ್ಲ, ಕುಡಿಯಬೇಡಿ' ಎನ್ನುತ್ತದೆ. ನಾಳೆ ಅದು ಸೋಗಿಹಾಳಕ್ಕೆ ಹೋಗಬೇಕು. ಸಂತೋಷದಿಂದ ಚೆಕ್ ಓಡಿಸಿದರೆ ಬೇರೊಂದು ನಿಯಮ ತಡೆಯಿತು: 'ಈ ವಿನಾಯಿತಿ ಇನ್ನು ಬೇಕಿಲ್ಲ. ತೆಗೆಯಿರಿ.' ಅದೂ ಅವಳೇ ಬರೆದಿಟ್ಟದ್ದು. ನಿನ್ನೆಯಿಂದ ಹನ್ನೆರಡು ಸಲ ಓಡಿಸಿದೆ, ಹನ್ನೆರಡು ಸಲವೂ ಅದೇ ಮಾತು. ಅವಳು ಒಂದೇ ಮಾತನ್ನು ಎರಡು ಸಲ ಹೇಳುತ್ತಿದ್ದವಳಲ್ಲ.

ಹಳೆಯ ಆವೃತ್ತಿಗಳು ಅಳಿಯುವುದಿಲ್ಲವಲ್ಲ, ಹುಡುಕಿದರೆ ಸಿಗುತ್ತದಲ್ಲ ಎನ್ನುತ್ತೀರಿ. ಗೊತ್ತು. ಹುಡುಕಿದರೆ ಸಿಗುವುದು ಬೇರೆ, ಬೆಳಿಗ್ಗೆ ಕಣ್ಣೆದುರಿಗೆ ಇರುವುದು ಬೇರೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇವತ್ತು ಮುಂಜಾನೆ ಆ ವಿನಾಯಿತಿಯನ್ನು ಉಳಿಸಿಕೊಳ್ಳಲು, ಕಡತದ ನಿಗಾದಾರರನ್ನು ಕೇಳದೆ, ನಾನೇ ಇನ್ನೊಂದು ವಿನಾಯಿತಿ ಬರೆದೆ. ಚೆಕ್ ಸುಮ್ಮನಾಯಿತು. ಆಮೇಲೆ ರಜಿಯಾ ಹೇಳಿದ್ದು ನೆನಪಾಯಿತು. ನಾನು ಇಟ್ಟುಕೊಂಡದ್ದನ್ನೆಲ್ಲ ಇನ್ಯಾವುದೋ ಊರು ಇರಬೇಕಾದ್ದೆಂದು ಒಯ್ಯುತ್ತದೆ. ಅಳಿಸಿಬಿಟ್ಟೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ನಿಯಮಗಳನ್ನು ಹಂಚಿಕೊಳ್ಳುವುದನ್ನು ಬಿಡಬೇಡಿ, ನಮ್ಮ ಮಕ್ಕಳ ಹಲ್ಲು ಅದರ ಮೇಲೆ ನಿಂತಿದೆ. ವಿನಾಯಿತಿ ಕೊಡುವಾಗ ಮಾತ್ರ ಯಾಕೆಂದು ಬಿಡಿಸಿ ಬರೆಯಿರಿ, ಪ್ರೀತಿಯವರಿಗೆ ಕೊಡುವಾಗ ಇನ್ನೂ ಬಿಡಿಸಿ. ಎಂದು ಮುಗಿಯಬೇಕು ಎಂಬುದನ್ನೂ ಬರೆಯಿರಿ. ಇನ್ನೊಂದು ಏನೋ ಹೇಳಬೇಕಿತ್ತು, ರೊಟ್ಟಿಯ ವಿಷಯವೋ, ಅಳಿಲಿನ ವಿಷಯವೋ...

ಪೆಟ್ಟಿಗೆಯ ಹಸಿರು ದೀಪ ಹಳದಿಯಾಗಿದೆ. ಬೆಳಕು ಹೋಗುತ್ತಿರುವುದನ್ನು ಈಗಷ್ಟೇ ನೋಡಿದೆ. ಒಂದು ನಿಮಿಷ.

ತೆಗೆದೆ. ಚೆಕ್ ಓಡಿಸಿದೆ. ಅದು ಏನನ್ನೂ ಹೇಳಲಿಲ್ಲ.

ಯುವರ್ಸ್ ಒಬೀಡಿಯಂಟ್ಲಿ,
ಸಂಗನಬಸಪ್ಪ