ಕೊಳೆಯಲೇಬೇಕಾದ ಸೀಗಡಿ

ಗಂಗಾವತಿ

ಮನೆ ಮಾಲೀಕರಾದ ಕೊಟ್ರಪ್ಪ ಸಾವ್ಕಾರರಿಗೆ, ಮೇಲಿನ ಖೋಲಿಯ ಬಾಡಿಗೆದಾರ ವಿರುಪಾಕ್ಷಿಯ ಶರಣು.

“ಲಿಂಗ ಕಟ್ಟಿದವರ ಮನ್ಯಾಗ ಮೀನ ಕುದಸ್ತೀಯೇನಲೇ? ಅಮಾಸಿ ಒಳಗ ಖೋಲಿ ಖಾಲಿ ಮಾಡು” ಎಂದು ನಿನ್ನೆ ಓಣಿಗೆಲ್ಲ ಕೇಳುವಂತೆ ಕೂಗಿದಿರಿ. ನಾನೂ ಲಿಂಗ ಕಟ್ಟಿದವನೇ. ಕುದಿಸಿಲ್ಲ, ತಿಂದಿಲ್ಲ. ನಿಮ್ಮ ಮೂಗಿಗೆ ಬಡಿದದ್ದು, ಮೀನು ಸಾಕಲು ಇಟ್ಟ ಗಾಜಿನ ತೊಟ್ಟಿಯ ಉಪ್ಪುನೀರಿಗೆ ನಾನು ಹಾಕಿದ ಒಂದು ಸೀಗಡಿ. ಅದು ಕೊಳೆತು ವಿಷ ಬಿಡಬೇಕು, ಆ ವಿಷ ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಬೆಳೆಯಬೇಕು. ಆಮೇಲಷ್ಟೇ ಸಮುದ್ರದ ಮೀನು ಅಲ್ಲಿ ಬದುಕುತ್ತದೆ.

ಕಿತ್ತಳೆ ಬಣ್ಣದ ಒಂದು ಜೋಡಿ ಕ್ಲೌನ್ ಮೀನು ತರುವವನಿದ್ದೇನೆ. ನಿಮ್ಮ ಮಗ ಪಂಪಾಪತಿಯವರಿಗೆ ನೀಲಿ ಡ್ಯಾಮ್ಸೆಲ್ ಮೀನಿನ ಮೇಲೆ ಆಸೆ. ಬೇಡ ಎಂದೆ. ಅದು ಇಡೀ ತೊಟ್ಟಿ ತನ್ನದೇ ಎಂದು ಉಳಿದವನ್ನು ಕಚ್ಚಿ ಓಡಿಸುತ್ತದೆ. ಅಂಥವರ ಜೊತೆ ಬಾಳುವುದು ಕಷ್ಟ.

ಖೋಲಿ ಬಿಡುತ್ತೇನೆ. ನೀರು ಹದಕ್ಕೆ ಬರುವವರೆಗೆ ಮಾತ್ರ ತೊಟ್ಟಿ ಅಲುಗಿಸಬೇಡಿ, ಕರೆಂಟ್ ತೆಗೆಸಬೇಡಿ.

ಸೀಗಡಿ ಕೊಡಿಸಿದವರು ಯಾರೆಂದು ಕೇಳಬೇಡಿ. ನನಗೆ ಆ ಅಂಗಡಿಯೇ ಗೊತ್ತಿರಲಿಲ್ಲ. ನಾವು ಮೆಟ್ಟಿಲು ಹತ್ತುವ ಮೊದಲೇ ಅಂಗಡಿಯವನು ನನ್ನ ಜೊತೆಗಿದ್ದವರನ್ನು ನೋಡಿ, “ಯಾವಾಗಿನಂಗ ಅರ್ಧ ಕಿಲೋ ಏನ್ರಿ, ಸಣ್ಣ ಸಾವ್ಕಾರ್ರ?” ಎಂದ.

ಇಂತಿ,
ವಿರುಪಾಕ್ಷಿ